ಬಲಗೈಗೆ ಮದರಂಗಿ

ಮದರಂಗಿ ಹಾಕುವವಳ ಕೈ ಯಾವಾಗಾದರೂ ನೋಡಿ. ಎಡಗೈಯಲ್ಲಿ ಬಳ್ಳಿ, ಹೂವು, ನವಿಲು, ಬಲಗೈ ಬೋಳು. ಕೋನು ಹಿಡಿಯುವ ಕೈಗೆ ಹಾಕುವವರು ಯಾರು? ಅಂಕೋಲೆಯಲ್ಲಿ ಈ ಕೆಲಸಕ್ಕೆ ಇಳಿದಾಗಿನಿಂದ ನನ್ನ ಬಲಗೈ ಬಣ್ಣ ಕಂಡಿಲ್ಲ. ಹೊಟ್ಟೆಕಿಚ್ಚು ಅನ್ನುವುದಾದರೆ ಅನ್ನಿ, ಮದುಮಗಳ ಎರಡೂ ಕೈ ಕೆಂಪಾದಾಗ ನನಗೆ ಒಳಗೆ ಚುರ್ ಅನ್ನುತ್ತದೆ.

ಅದಕ್ಕೇ ಕಾರವಾರ, ಅಂಕೋಲೆಯ ಮದರಂಗಿಯವರನ್ನೆಲ್ಲ ಒಮ್ಮೆ ಸೇರಿಸಬೇಕೆಂದು ಹೊರಟೆ. ಒಬ್ಬರ ಡಿಸೈನನ್ನು ಇನ್ನೊಬ್ಬರು ಫೋನಿನಲ್ಲಿ ನೋಡಿ ಮುಖ ಗಂಟಿಕ್ಕುವುದೇ ಹೊರತು ಎದುರುಬದುರು ಕೂತವರಿಲ್ಲ. ಅದರಲ್ಲೂ ಬಿಣಗಾದ ನಾಗಶ್ರೀ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಾಳೆ ಎಂದು ಎಲ್ಲರದೂ ದೂರು. ಅವಳನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಹಲ್ಲು ಕಚ್ಚಿ ಕರೆದೆ.

ದಿನ ಆರಿಸಿದ್ದು ನನ್ನ ಗಂಡ ರೂಪೇಶ. ಕ್ಯಾಲೆಂಡರಿನ ಮುಂದೆ ದೊಡ್ಡ ಜೋಯಿಸರ ಹಾಗೆ ನಿಂತು, "ಬುಧವಾರ ಮಾಡೇ. ಮದ್ವೆ ಮುಹೂರ್ತ ಗುರುವಾರಕ್ಕೆ ಉಂಟು, ಬುಧವಾರ ಒಂದೂ ಇಲ್ಲ. ಎಲ್ರೂ ಖಾಲಿ" ಅಂದ. ನಾನೂ ಸಂಭ್ರಮದಲ್ಲಿ ಹಾಲ್ ಗೊತ್ತುಮಾಡಿ ಎಲ್ಲರಿಗೂ ವಾಟ್ಸಾಪ್ ಕಳಿಸಿಬಿಟ್ಟೆ.

ಮೊದಲ ಫೋನು ನಾಗಶ್ರೀಯದೇ. "ವೈಜಯಂತಿ ಅಕ್ಕ, ಗುರುವಾರ ಮದ್ವೆ ಅಂದ್ರೆ ಮದರಂಗಿ ಯಾವಾಗ ಹಾಕೂದು?"

ಅಯ್ಯೋ, ಹಿಂದಿನ ದಿನ! ಈ ಸೀಮೆಯ ಅಷ್ಟೂ ಕೋನುಗಳು ಬುಧವಾರ ಯಾರ್‍ಯಾರದೋ ಮನೆಯ ಜಗಲಿಯಲ್ಲಿರುತ್ತವೆ. ನನಗೇ ತೋಡೂರಿನಲ್ಲಿ ಒಬ್ಬ ಮದುಮಗಳಿದ್ದಳು. ಇನ್ನು ಊರೆಲ್ಲ ನಗುತ್ತದೆ, ಮತ್ತೆ ಕರೆದರೆ ಒಬ್ಬಳೂ ಬರುವುದಿಲ್ಲ ಎಂದು ಅಳುವೇ ಬಂತು.

ಅವಳು ಮಾತ್ರ ನಗಲಿಲ್ಲ. "ಗುರುವಾರವೇ ಮಾಡುವಾ ಅಕ್ಕ. ಮದ್ವೆ ದಿನ ನಮ್ಗೆಂತ ಕೆಲ್ಸ? ಊಟ ಮಾಡೂದು, ಬರೂದು."

ಗುರುವಾರ ಹಾಲ್‌ಗಳೆಲ್ಲ ಮದುವೆಯವರ ಪಾಲು. ಕೊನೆಗೆ ಮಾವ ಬಲೆ ಇಡುವ ಶೆಡ್ಡೇ ಗತಿಯಾಯಿತು. ತಪ್ಪು ತನ್ನದೆಂದು ರೂಪೇಶ ಬೆಳಿಗ್ಗೆಯಿಂದ ಫಿನಾಯಿಲ್ ಹಾಕಿ ತಿಕ್ಕಿದರೂ ಮೀನಿನ ವಾಸನೆ ಜಗ್ಗಲಿಲ್ಲ. ಮಧ್ಯಾಹ್ನ ಕಳೆಯುತ್ತ ಬಂದರೂ ಯಾರ ಸುಳಿವೂ ಇಲ್ಲ. ಆಮೇಲೆ ಶಿರವಾಡದ ಮಾನಸಾ ಬಂದಳು. ಅವಳ ಹಿಂದೆಯೇ ರಿಕ್ಷಾಗಳ ತುಂಬ ಜನ, ಮದುವೆಯೂಟದ ಸೀರೆಯಲ್ಲೇ, ನಾಗಶ್ರೀಯೂ. ಎಲ್ಲರ ಬಲಗೈಯೂ ಬೋಳು! ಒಬ್ಬರ ಕೈ ಒಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಬಲೆಗಳ ಮೇಲೇ ಕೂತೆವು. ಮದರಂಗಿ ಕಲಸುವಾಗ ನೀಲಗಿರಿ ಎಣ್ಣೆ ಎಷ್ಟು ಹಾಕಬೇಕು ಎಂಬ ಜಗಳಕ್ಕೆ ಶೆಡ್ಡಿನ ತಗಡು ಹಾರುವುದೊಂದು ಬಾಕಿ.

ನನ್ನ ಎಡಗೈಗೆ ಮಾನಸಾ ಹಾಕಿ ಮುಗಿಸಿದಳು. ಬಲಗೈಯನ್ನು ನಾಗಶ್ರೀ ತನ್ನ ಮಡಿಲಿಗೆಳೆದುಕೊಂಡಳು. ಕೋನಿನ ತಂಪು ಅಂಗೈಗೆ ತಾಗಿ ಮೈ ಜುಮ್ಮೆಂದಿತು.

ಅಷ್ಟರಲ್ಲಿ ನನ್ನ ಫೋನು. ನನ್ನ ಎರಡೂ ಕೈ ಹಸಿ. ನಾಗಶ್ರೀಯೇ ಎತ್ತಿ ಸ್ಪೀಕರ್ ಹಾಕಿದಳು. ಮುಂದಿನ ತಿಂಗಳ ಮದುವೆ, ದೊಡ್ಡ ಮನೆ, ತುಂಬ ಹೆಂಗಸರು. ಇವಳ ಕಿವಿಗೆ ಬಿದ್ದ ಗಿರಾಕಿ ಹೋದ ಗಿರಾಕಿ ಎಂದೇ ಲೆಕ್ಕ.

"ವೈಜಯಂತಿ ಅಕ್ಕನ ಕೈಯೆಲ್ಲ ಹಸಿ ಮದರಂಗಿ. ಒಣಗಿದ ಮೇಲೆ ಅವರೇ ಫೋನ್ ಮಾಡ್ತಾರೆ," ಅಂದಳು ನಾಗಶ್ರೀ. "ಜನ ಜಾಸ್ತಿ ಇದ್ರೆ ಅವರ ಜೊತೆ ನಾನೂ ಬರ್ತೆ."

ಫೋನು ಇಟ್ಟು, ತಲೆಯೆತ್ತದೆ ಗದರಿದಳು. "ಕೈ ನಡುಗಿಸ್ಬೇಡ ಮಾರಾಯ್ತಿ, ನವಿಲಿನ ಕುತ್ತಿಗೆ ಸೊಟ್ಟ ಆಗ್ತದೆ."

ಕಣ್ಣೊರೆಸಿಕೊಳ್ಳೋಣವೆಂದರೆ ನನ್ನ ಒಂದು ಕೈಯೂ ಖಾಲಿ ಇರಲಿಲ್ಲ.