ನೂಲಿನ ರುಚಿ

ಆ ಹೊಲಿಗೆ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸೂಜಿಗಣ್ಣಿ. ಕೈಹೊಲಿಗೆಗೆ ಕೂರುತ್ತಿದ್ದ ಐದಾರು ಹೆಂಗಸರಲ್ಲಿ ಅವಳೊಬ್ಬಳೇ ಚಿಕ್ಕ ವಯಸ್ಸಿನವಳು. ಉಳಿದವರಿಗೆ ಅಂಚು ಮಡಿಸುವ ಕೈ ಪಳಗಿತ್ತು, ಗುಂಡಿ ಕೂರಿಸುವ ಕೈ ಪಳಗಿತ್ತು, ಸೂಜಿಯ ತೂತು ಮಾತ್ರ ಕಾಣುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಂದವಳೇ ಅವಳು ಎಲ್ಲರ ಸೂಜಿಗಳಿಗೂ ದಾರ ಪೋಣಿಸಿ, ಬಟ್ಟೆಯ ಪುಟ್ಟ ಮೆತ್ತೆಗೆ ಸಾಲಾಗಿ ಚುಚ್ಚಿಡಬೇಕು. ದಾರದ ತುದಿಯನ್ನು ನಾಲಿಗೆಯ ಮೇಲೆ ಎಳೆದು, ತುಟಿಯಲ್ಲಿ ಒತ್ತಿ ಚೂಪು ಮಾಡಿ, ಒಂದೇ ಸಲಕ್ಕೆ ತೂತು ದಾಟಿಸುತ್ತಿದ್ದಳು. ಉಳಿದವರೋ, ಗುಂಡಿ ಹುಡುಕುವಾಗ ಆ ಸೂಜಿಯನ್ನೇ ತುಟಿಯಲ್ಲಿ ಕಚ್ಚಿಕೊಳ್ಳುವರು. ಹೊಲಿದಾದ ಮೇಲೆ ದಾರವನ್ನು ಹಲ್ಲಿನಲ್ಲೇ ಕಡಿಯುವರು. ಅಂಗಡಿಯಲ್ಲಿ ಕತ್ತರಿ ಇರಲಿಲ್ಲವೆಂದಲ್ಲ. ಅದನ್ನು ಹುಡುಕುವಷ್ಟರಲ್ಲಿ ಇನ್ನೊಂದು ಗುಂಡಿಯ ಕೆಲಸವೇ ಮುಗಿಯುತ್ತಿತ್ತು.

ಅವಳ ಅತ್ತೆಯೂ ಅಲ್ಲೇ, ಅವಳೆದುರಿಗೇ ಕೂರುತ್ತಿದ್ದರು. ಅತ್ತೆಗೆ ಮೊದಲಿನಿಂದಲೂ ದಮ್ಮು. ಮೂರು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವ ಜೀವ.

ರೋಗದ ಸುದ್ದಿ ಮೊದಲು ಬಂದದ್ದು ಗಂಡನ ಫೋನಿನಲ್ಲಿ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಎಲ್ಲೋ ದೂರದ ಬಂದರಿನಿಂದ ಮಾತಾಡಿದ. "ಇಲ್ಲಿ ಅದೇನೋ ಕೆಮ್ಮಂತೆ ಕಣೇ. ನಮ್ಮನ್ನ ಕೆಳಗೇ ಇಳಿಸಲಿಲ್ಲ" ಎಂದು ನಕ್ಕ. ಮುಂದಿನ ಬಂದರಿನಿಂದ ಮಾತಾಡಿದಾಗ ಅಷ್ಟು ನಗಲಿಲ್ಲ. ಸರಕು ಇಳಿಸುವವರು ಮುಖಕ್ಕೆಲ್ಲ ಬಟ್ಟೆ ಕಟ್ಟಿಕೊಂಡಿದ್ದಾರೆ ಎಂದ. ಅದರ ಮುಂದಿನದರಲ್ಲಿ ಇಳಿಸುವವರೇ ಇರಲಿಲ್ಲವಂತೆ. ಹಡಗು ನೀರಿನಲ್ಲಿ ಸುಮ್ಮನೆ ನಿಂತಿತ್ತು, ದಡದಲ್ಲಿ ಆಂಬುಲೆನ್ಸ್ ಕೂಗುವುದು ಮಾತ್ರ ಕೇಳಿಸುತ್ತಿತ್ತು.

ಅವಳು ಬಂದು ಹೇಳಿದ್ದನ್ನೆಲ್ಲ ಕತ್ತರಿ ಮೇಷ್ಟ್ರು, ಅಂದರೆ ಬಟ್ಟೆ ಕತ್ತರಿಸುವ ಮುದುಕ, ಮೇಜಿನ ಮೇಲೆ ಹಾಸಿದ್ದ ಕೋಟಿನ ಮೇಲೆ ಗುರುತು ಹಾಕುತ್ತಿದ್ದ. ಅವನ ಲೆಕ್ಕದಲ್ಲಿ ಆ ಕೋಟೇ ಪ್ರಪಂಚ.

"ಮೊದಲು ಇಲ್ಲಿತ್ತು, ತೋಳಿನ ತುದೀಲಿ" ಎಂದು ಸೀಮೆಸುಣ್ಣ ಊರಿದ. "ಆಮೇಲೆ ಮೊಣಕೈ. ಈಗ ನಿನ್ನ ಗಂಡ ಹೇಳ್ತಿರೋದು ಭುಜದ ಮಾತು."

"ನಾವೆಲ್ಲಿದೀವಿ ಮೇಷ್ಟ್ರೇ?" ಎಂದು ಗುಂಡಿಯಕ್ಕ ಕೇಳಿದಳು. ಗುಂಡಿ ಕೂರಿಸುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ, ಬಾಯಿಯಲ್ಲೂ ಅಷ್ಟೇ.

"ಕಾಲರ್ ಹತ್ರ."

"ಹಾಗಾದ್ರೆ ನೇರವಾಗಿ ಕತ್ತಿಗೇ ಬರತ್ತೆ ಅನ್ನಿ. ಸುತ್ತಾಟ ತಪ್ಪಿತು."

ಎಲ್ಲರೂ ನಕ್ಕರು. ಸೂಜಿಗಣ್ಣಿ ಮಾತ್ರ ನಗಲಿಲ್ಲ. ಅವಳ ಕಣ್ಣು ಅತ್ತೆಯ ಮೇಲೇ ಇತ್ತು. ಇದು ಎದೆಗೆ ಇಳಿಯುವ ಕಾಯಿಲೆಯಂತೆ. ಇಳಿದರೆ ಆ ಎದೆ ತಡೆದೀತೇ?

ಕೋಟಿನ ಕೆಲಸ ನಿಂತುಹೋಯಿತು. ಆಸ್ಪತ್ರೆಗೆ ಮುಖಗವಸು ಹೊಲಿದುಕೊಡಿ ಎಂದು ಕೇಳಿಕೊಂಡು ಬಂದರು. ಮಷೀನಿನವರು ಅಂಚು ಹೊಡೆದರೆ ಇವರು ಕೈಯಲ್ಲಿ ಲಾಡಿ ಕೂರಿಸುವುದು. ಕೆಲಸ ಮಾಡುವವರೂ ಕಡ್ಡಾಯವಾಗಿ ಗವಸು ಹಾಕಲೇಬೇಕೆಂದು ಕತ್ತರಿ ಮೇಷ್ಟ್ರು ಕಟ್ಟಪ್ಪಣೆ ಮಾಡಿದ. ಅವಳಂತೂ ಇನ್ನೂ ಬಿಗಿ. ಬಾಗಿಲ ಚಿಲಕ ಒರೆಸಿದಳು, ಅತ್ತೆಯ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿದಳು, ಬಂದರಿನ ಕಡೆಯಿಂದ ಬಂದವರನ್ನು ಹೊಸಿಲಲ್ಲೇ ನಿಲ್ಲಿಸಿದಳು. ರೋಗ ಬಂದರೆ ಸಮುದ್ರದ ಕಡೆಯಿಂದ ಬರುತ್ತದೆ ಎಂದು ಅವಳ ಮನಸ್ಸಿನಲ್ಲಿ ಅಚ್ಚೊತ್ತಿಬಿಟ್ಟಿತ್ತು. ಆದರೆ ದಾರ ಪೋಣಿಸುವಾಗ ಗವಸನ್ನು ಗಲ್ಲಕ್ಕೆ ಇಳಿಸುತ್ತಿದ್ದಳು. ದಾರ ಕಡಿಯುವಾಗ ಉಳಿದ ಹೆಂಗಸರೂ ಇಳಿಸುತ್ತಿದ್ದರು. ಅದನ್ನು ಯಾರೂ ಗವಸು ತೆಗೆಯುವುದು ಎಂದು ಎಣಿಸಲೇ ಇಲ್ಲ. ಹೊಲಿಗೆ ಕಲಿತ ದಿನದಿಂದ ಮಾಡಿದ್ದು ಹಾಗೇ ತಾನೆ?

ಒಂದು ಬೆಳಿಗ್ಗೆ ಎಂದಿನಂತೆ ದಾರವನ್ನು ನಾಲಿಗೆಯ ಮೇಲೆ ಎಳೆದಳು. ಕಪ್ಪು ದಾರ ಕಹಿ ಇರುತ್ತದೆ, ಬಿಳಿಯದು ಗಂಜಿಯ ಹಾಗೆ ಸಪ್ಪೆ. ಕಣ್ಣು ಮುಚ್ಚಿ ಹೇಳಬಲ್ಲಳು. ಅವತ್ತು ಕೈಯಲ್ಲಿದ್ದದ್ದು ಕಪ್ಪು. ಕಹಿ ಇರಲಿಲ್ಲ. ಇನ್ನೊಂದು ಉಂಡೆ ತೆಗೆದು ನೆಕ್ಕಿದಳು. ಏನೂ ಇಲ್ಲ. ಬೆರಳನ್ನೇ ಬಾಯಿಗಿಟ್ಟುಕೊಂಡಳು. ಉಪ್ಪೂ ಇಲ್ಲ.

ನಾಲಿಗೆಯ ರುಚಿ ಸತ್ತರೆ ಅದೇ ಕಾಯಿಲೆ ಎಂದು ಗಂಡ ಹೇಳಿದ್ದು ನೆನಪಾಯಿತು. ತಲೆಯೆತ್ತಿ ನೋಡಿದಳು. ಆಗಲೇ ಪೋಣಿಸಿಟ್ಟಿದ್ದ ಸೂಜಿಗಳನ್ನು ಎಲ್ಲರೂ ಎತ್ತಿಕೊಂಡಿದ್ದರು. ಎದುರಿಗೆ ಅತ್ತೆ, ಗವಸು ಗಲ್ಲದ ಮೇಲೆ, ಲಾಡಿ ಹುಡುಕುತ್ತ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದರು.

ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಗುಂಡಿಯಕ್ಕ ದಾರ ಕಡಿಯಲು ಹಲ್ಲು ತೆರೆದಳು.

"ಬೇಡ ಅಕ್ಕ, ಬಾಯಿಗೆ ಇಡಬೇಡಿ. ಯಾರೂ ಇಡಬೇಡಿ. ನನಗೆ ರುಚಿ ಗೊತ್ತಾಗ್ತಿಲ್ಲ."

"ನಿನ್ನ ಅಡುಗೆ ತಿಂದ್ರೆ ನಮಗೂ ಹಾಗೇ ಆಗತ್ತೆ ಬಿಡೆ" ಎಂದ ಗುಂಡಿಯಕ್ಕ, ಅವಳ ಮುಖ ನೋಡಿ ಅಲ್ಲೇ ನಿಲ್ಲಿಸಿದಳು. ಕೈಯಲ್ಲಿದ್ದ ಸೂಜಿಯನ್ನು ಹುಳು ಎಸೆದ ಹಾಗೆ ಮೇಜಿನ ಮೇಲೆ ಎಸೆದಳು. ಯಾರೋ ಎದ್ದು ನಲ್ಲಿಯ ಹತ್ತಿರ ಓಡಿ ಉಗುಳತೊಡಗಿದರು. ಅತ್ತೆ ಮಾತ್ರ ತುಟಿಯಿಂದ ಸೂಜಿಯನ್ನು ನಿಧಾನವಾಗಿ ತೆಗೆದು, ಮೆತ್ತೆಗೆ ಚುಚ್ಚಿ, "ಮನೆಗೆ ಹೋಗೋಣ ನಡಿ ಮಗಳೇ" ಎಂದರು. ಬೈದಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅಂಗಡಿ ಮುಚ್ಚಿತು. ಹೊಲಿದಿಟ್ಟಿದ್ದ ಗವಸುಗಳನ್ನೆಲ್ಲ ಕತ್ತರಿ ಮೇಷ್ಟ್ರು ಹಂಡೆಗೆ ಹಾಕಿ ಕುದಿಸಿದ. ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಸೊಸೆ ಈಚೆ, ಅತ್ತೆ ಆಚೆ, ನಡುವಿನ ಬಾಗಿಲಿಗೆ ಚಿಲಕ. ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಯವರು ಅತ್ತೆಗೆ ಊಟ ಇಟ್ಟು ಹೋಗುತ್ತಿದ್ದರು. ಅತ್ತೆ ಮಾತಾಡಿದರೆ ಉಸಿರು ಕಟ್ಟುತ್ತದೆ, ಅದಕ್ಕೆ ಒಂದು ಉಪಾಯ ಮಾಡಿಕೊಂಡರು: ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೊಪ್ಪಿಯಿಂದ ಗೋಡೆಗೆ ತಟ್ಟುವುದು. ಇವಳು ತಟ್ಟಿದರೆ ಅವರು ಎರಡು ಸಲ ತಟ್ಟಬೇಕು. ಅಂದರೆ ಇದ್ದೇನೆ ಎಂದು.

ಮೊದಮೊದಲು ಟಕಟಕ ಎಂದು ಬರುತ್ತಿತ್ತು. ಆಮೇಲೆ ಆಚೆ ಕೋಣೆಯಲ್ಲಿ ಕೆಮ್ಮು ಶುರುವಾಯಿತು. ಅದೇ ಹೊತ್ತಿಗೆ ಗುಂಡಿಯಕ್ಕನನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದರೆಂದು ಸುದ್ದಿ ಬಂತು. ಹತ್ತುವಾಗಲೂ ಏನೋ ತಮಾಷೆ ಮಾಡಿದಳಂತೆ, ಯಾರಿಗೂ ಸರಿಯಾಗಿ ಕೇಳಿಸಲಿಲ್ಲವಂತೆ. ಅವಳು ತಿರುಗಿ ಬರಲಿಲ್ಲ. ಸೂಜಿಗಣ್ಣಿ ತನ್ನ ತುಟಿಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಳು.

ಅತ್ತೆಯನ್ನೂ ಆಸ್ಪತ್ರೆಗೆ ಕಳಿಸಬೇಕೆಂದು ಫೋನು ಮಾಡಿದರೆ, ಮಂಚ ಖಾಲಿಯಿಲ್ಲ, ಕಾಯಿರಿ ಎಂದರು. ಕಾಯುವುದೆಂದರೆ ಗೋಡೆಗೆ ಕಿವಿಯಿಟ್ಟು ಕೂರುವುದು. ತಟ್ಟುವ ಸದ್ದು ದಿನದಿನಕ್ಕೆ ಮೆಲ್ಲಗಾಯಿತು.

ಆಗ ಗಂಡನ ಫೋನು ಬಂತು. ದನಿಯಲ್ಲಿ ಹಿಗ್ಗು. "ನಮ್ಮ ಬಂದರಿಗೇ ಬಂದಿದೀವಿ ಕಣೇ. ನಮ್ಮಲ್ಲಿ ಒಬ್ಬರಿಗೂ ಏನೂ ಇಲ್ಲ. ಇಳೀಬಹುದಂತೆ. ಇನ್ನು ಸ್ವಲ್ಪ ಹೊತ್ತಿಗೆ ಮನೇಲಿರ್ತೀನಿ."

ಬನ್ನಿ ಎನ್ನಬೇಕು ಅನ್ನಿಸಿತು. ಒಬ್ಬಳೇ ಈ ಗೋಡೆ ಕಾಯುವುದು ಅವಳಿಗೆ ಸಾಕಾಗಿಹೋಗಿತ್ತು.

"ಇಳೀಬೇಡಿ ರೀ" ಎಂದಳು. "ಅದು ನಿಮಗಿಂತ ಮುಂಚೆ ಬಂದುಬಿಟ್ಟಿದೆ. ನನ್ನ ಬಾಯಿಂದ ಅತ್ತೆಗೆ ಹೋಗಿದೆ."

"ಅಮ್ಮ?" ಎಂದ ಅವನು.

ಅವಳು ಫೋನನ್ನು ಗೋಡೆಗೆ ಒತ್ತಿ ಹಿಡಿದು ಗೆಣ್ಣಿನಿಂದ ತಟ್ಟಿದಳು. ಸದ್ದಿಲ್ಲ. ಮತ್ತೆ ತಟ್ಟಿದಳು. ಒಳಗೆ ಏನೋ ಸರಿದ ಹಾಗಾಯಿತು. ಆಮೇಲೆ, ಗುಬ್ಬಿ ಕೊಕ್ಕಿನಿಂದ ಕುಟ್ಟಿದಷ್ಟು ಮೆಲ್ಲಗೆ, ಒಂದು ಸಲ.

ಅವಳು ಇನ್ನೊಂದಕ್ಕೆ ಕಾದಳು.

ಎರಡನೆಯದೂ ಬಂತು. ಫೋನನ್ನು ಕಿವಿಗೆ ತಂದಳು.

"ಕೇಳಿಸ್ತು" ಎಂದ ಅವನು. "ನಾನು ಇಲ್ಲೇ ಇರ್ತೀನಿ. ಫೋನು ಇಡಬೇಡ. ಇನ್ನೊಂದು ಸಲ ತಟ್ಟು."