ಲಿಫ್ಟಿನಲ್ಲಿ ತೂಕ

ನೆಲಮಹಡಿಯ ಟೈಲರಮ್ಮನಿಗೆ ನಾಲ್ಕನೇ ಮಹಡಿಯ ವಾರಗಿತ್ತಿಯನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಹೇಳುವುದೇನಿದೆ, ಇಡೀ ಕಟ್ಟಡಕ್ಕೇ ಗೊತ್ತಿದ್ದ ವಿಷಯ. ಮಗ್ಗಿಯಿಂದ ಹಿಡಿದು ಬೀಜಗಣಿತದವರೆಗೆ ಮಗಳನ್ನು ಹೊಲಿಗೆ ಮೆಷಿನ್ನಿನ ಪಕ್ಕ ಸ್ಟೂಲ್ ಹಾಕಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವಳು ಇವಳು. ಈ ವರ್ಷ ಬಲ, ವೇಗೋತ್ಕರ್ಷ ಅಂತ ಭೌತಶಾಸ್ತ್ರ ವಕ್ಕರಿಸಿತು. ಮದುವೆಗೆ ಮುಂಚೆ ಅದೇ ಪಾಠ ಮಾಡುತ್ತಿದ್ದ ವಾರಗಿತ್ತಿ, "ಮೇಲೆ ಕಳಿಸಿ ಅಕ್ಕ, ನಾನು ನೋಡ್ಕೋತೀನಿ" ಅಂದಳು. ಅಂದಿನಿಂದ ಸ್ಟೂಲಿನ ಮೇಲೆ ಗಿರಾಕಿಗಳ ಬಟ್ಟೆ ಗಂಟು ಕೂತಿದೆ.

ಸಂಜೆ ಕೆಳಗೆ ಬಂದ ಮಗಳ ಬಾಯಲ್ಲಿ ಬರೀ ಚಿಕ್ಕಮ್ಮ.

"ಅಮ್ಮ, ಲಿಫ್ಟ್ ವೇಗ ಹೆಚ್ಚಿಸ್ಕೊಂಡು ಮೇಲೆ ಹೋಗುವಾಗ ತೂಕದ ಮೆಷಿನ್ ಜಾಸ್ತಿ ತೋರಿಸುತ್ತಂತೆ. ಚಿಕ್ಕಮ್ಮ ಲೆಕ್ಕ ಮಾಡ್ಸಿದ್ರು. ಐವತ್ತು ಕೇಜಿ ಇದ್ದೋರಿಗೆ ಐನೂರು ನ್ಯೂಟನ್ ಅಲ್ಲ, ಆರುನೂರು ಬಂತು."

"ಲಿಫ್ಟ್ ಹತ್ತಿದ್ರೆ ದಪ್ಪ ಆಗ್ತಾರಾ? ಓ, ನಿಮ್ಮ ಚಿಕ್ಕಮ್ಮ ದಿನಾ ಹತ್ತಿ ಹತ್ತೀನೇ ಹಾಗಾಗಿರೋದು!"

ಮಗಳು ನಗಲಿಲ್ಲ. ಅದು ಇನ್ನೂ ಚುಚ್ಚಿತು.

ಮರುದಿನ ಟೈಲರಮ್ಮ ತೂಕದ ಮೆಷಿನ್ ಹೊತ್ತುಕೊಂಡು ಲಿಫ್ಟ್ ಹತ್ತಿದಳು. ಬಾಗಿಲು ಮುಚ್ಚಿ ಲಿಫ್ಟ್ ಹೊರಟಾಗ ಸೂಜಿ ಒಮ್ಮೆ ಮೇಲಕ್ಕೆ ಹಾರಿತು. ಹಳೇ ಲಿಫ್ಟು, ಕುಲುಕುತ್ತೆ ಅಂದುಕೊಂಡು ಕಾದಳು. ಗಿರಾಕಿ ಅಲ್ಲಾಡುವುದು ನಿಲ್ಲಿಸಿದ ಮೇಲೆಯೇ ಟೇಪ್ ಓದಬೇಕೆನ್ನುವುದು ಅವಳ ಕಸುಬಿನ ಪದ್ಧತಿ. ಸೂಜಿ ಅವಳ ಎಂದಿನ ತೂಕ ಅರವತ್ತೆರಡಕ್ಕೇ ಬಂದು ನಿಂತಿತು, ಮೂರನೇ ಮಹಡಿ ದಾಟಿದರೂ ಕದಲಲಿಲ್ಲ. ವೇಗ ಹೆಚ್ಚಿದ್ದು ಹೊರಟ ಆ ಗಳಿಗೆಯಲ್ಲಿ ಮಾತ್ರ, ಆಮೇಲಿನದೆಲ್ಲ ಒಂದೇ ವೇಗ ಅನ್ನುವುದು ಹೊಳೆಯಲೇ ಇಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇನೋ ಇದೆ, ಹೊಟ್ಟೆಕಿಚ್ಚಿಗೆ ಅಷ್ಟು ಪುರುಸೊತ್ತೆಲ್ಲಿ?

"ಕಣ್ಣಾರೆ ನೋಡಿದೀನಿ ಕಣೇ, ತೂಕ ಅಷ್ಟೇ ಇರುತ್ತೆ. ಪರೀಕ್ಷೇಲಿ ಐನೂರು ಅಂತಾನೇ ಬರಿ" ಎಂದು ಮಗಳಿಗೆ ಹೇಳಿದಳು. ಮಗಳು ಏನೋ ಹೇಳಲು ಬಾಯಿ ತೆರೆದವಳು ಅಮ್ಮನ ಮುಖ ನೋಡಿ, "ಸರಿ ಅಮ್ಮ" ಅಂದಳು.

ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂತು.

"ಏನ್ ಬರ್ದೆ?"

"ಐನೂರು."

ಟೈಲರಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಗಳು ಮತ್ತೆ ತನ್ನವಳಾದಳು! ಸಂಜೆ ವಾರಗಿತ್ತಿಯ ಮುಖ ಹೇಗಾಗಿದೆ ನೋಡಿಬಿಡೋಣವೆಂದು, ಅವಳ ರವಿಕೆ ಕೊಡುವ ನೆಪದಲ್ಲಿ ಮೇಲೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಗಳ ದನಿ.

"ಆರುನೂರೇ ಬರ್ದಿದ್ದು ಚಿಕ್ಕಮ್ಮ. ಅಮ್ಮಂಗೆ ಹೇಳ್ಬೇಡಿ, ಐನೂರು ಅಂದಿದೀನಿ. ಪಾಪ, ನನಗೋಸ್ಕರ ಮೆಷಿನ್ ಹೊತ್ಕೊಂಡು ಲಿಫ್ಟ್ ಹತ್ತಿದಾಳೆ. ಸೂಜಿ ನೋಡಿದ ಗಳಿಗೆ ತಪ್ಪಾಯ್ತು, ಅಷ್ಟೇ."

"ಇಲ್ಲ ಪುಟ್ಟ, ಹೇಳಲ್ಲ" ಅಂದಳು ವಾರಗಿತ್ತಿ, ಬಲು ಮೆತ್ತಗೆ.

ಟೈಲರಮ್ಮನ ಮೈಯೆಲ್ಲ ಉರಿಯಿತು. ತಾನು ಹೇಳಿದ ಉತ್ತರ ತಪ್ಪಾಗಿದ್ದರೆ ಹಾಳಾಗಿ ಹೋಗಲಿ; ತನ್ನಿಂದ ಮುಚ್ಚಿಟ್ಟ ಗುಟ್ಟನ್ನು ಮಗಳು ಇವಳ ಮಡಿಲಿಗೆ ಹಾಕಿದ್ದಳಲ್ಲ! ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಬಾಗಿಲು ತಳ್ಳಿದಳು.

"ಸೂಜೀನ ಯಾವಾಗ ನೋಡ್ಬೇಕಿತ್ತೇ? ನನಗೂ ಹೇಳ್ಕೊಡು."

ಇಬ್ಬರೂ ಬೆಚ್ಚಿದರು. ವಾರಗಿತ್ತಿಯೇ ಮೊದಲು ಸಾವರಿಸಿಕೊಂಡು, "ಅಕ್ಕ, ಅದು ಏನಂದ್ರೆ..." ಎಂದು ಶುರು ಮಾಡಿದಳು.

"ನೀನು ಸುಮ್ನಿರಮ್ಮ. ನನ್ನ ಮಗಳು ಹೇಳ್ತಾಳೆ" ಅಂದ ಟೈಲರಮ್ಮ, ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.