ಏಣಿ ಹಿಡಿಯುವ ಕೆಲಸ

ನನ್ನ ಗಂಡ ರುದ್ರೇಶ್ ಏಣಿಯಿಂದ ಬಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರನ್ನು ಬೀಳಿಸಿದ್ದು ಒಂದು ಲೋಟ ಟೀ.

ಭದ್ರಾವತಿಯಲ್ಲಿ ಒಂದು ಮನೆಗೆ ಪೇಂಟ್ ಹೊಡೆಯುತ್ತಿದ್ದರು. ಜೊತೆಗಾರ ಮನೋಹರ ಕೆಳಗೆ ಏಣಿ ಹಿಡಿದಿದ್ದ. "ಸುಮ್ನೆ ನಿಂತಿದೀಯಲ್ಲ ಮಾರಾಯ, ಎಲ್ರಿಗೂ ಟೀ ಆದ್ರೂ ತಗೊಂಡ್ ಬಾ" ಎಂದರು ಮನೆಯ ಯಜಮಾನರು. ಅವನು ಹೋದ. ನುಣುಪು ಟೈಲ್ಸ್ ಮೇಲೆ ಏಣಿಯ ಕಾಲು ಜಾರಿತು, ಇವರ ಹಿಮ್ಮಡಿಯ ಮೂಳೆ ಪುಡಿಯಾಯಿತು. ಮೇಲೆ ಹತ್ತಿಸಿ ಏಣಿ ತೆಗೆದರು ಅಂತಾರಲ್ಲ, ನಮ್ಮ ಪಾಲಿಗೆ ಅದು ಬರೀ ಮಾತಾಗಿ ಉಳಿಯಲಿಲ್ಲ.

ಆಪರೇಷನ್ ಆಗಿ, ಪ್ಲೇಟ್ ಹಾಕಿಸಿಕೊಂಡು ತಿಂಗಳುಗಟ್ಟಲೆ ಮನೆಯಲ್ಲೇ ಕೂತರು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಅಟ್ಟದ ಡಬ್ಬ ಇಳಿಸಲು ಸ್ಟೂಲ್ ಹತ್ತಿದರೂ ಬೆವರುತ್ತಿದ್ದರು. "ಏಣಿ ನಾನು ಹಿಡೀತೀನಿ, ನಡೀರಿ" ಎಂದೆ. ಅತ್ತೆಗೆ ನಾಚಿಕೆಯಾಯಿತು. ಆಗಲಿ.

ಸವಳಂಗ ರಸ್ತೆಯಲ್ಲಿ ನರಸಿಂಹಮೂರ್ತಿಯವರ ಪಾತ್ರೆ ಅಂಗಡಿಯ ಮುಂದಿನ ಗೋಡೆ ನಮಗೆ ಸಿಕ್ಕಿತು. ಇವತ್ತು ಹೆದರಿ ಇಳಿದರೆ ಇವರು ಇನ್ನೆಂದೂ ಹತ್ತುವುದಿಲ್ಲವೆಂದು ನನಗೆ ಗೊತ್ತಿತ್ತು. ನಡು ಏಣಿಗೆ ಬಂದವರು ಅಲ್ಲೇ ನಿಂತುಬಿಟ್ಟರು. ಬ್ರಷ್ ಹಿಡಿದ ಕೈಯಿಂದಲೇ ಏಣಿಯನ್ನು ಅಪ್ಪಿಕೊಂಡರು.

ಅಷ್ಟರಲ್ಲಿ ನರಸಿಂಹಮೂರ್ತಿಯವರು ಒಳಗಿಂದ ಕೂಗಿದರು. "ಏನಮ್ಮಾ, ಸುಮ್ನೆ ನಿಂತಿದೀಯ. ಬಾ, ಈ ಪಾತ್ರೆ ಒಂದಿಷ್ಟು ಒರೆಸಿಡು."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ನಾನು ಕೆಲಸದಲ್ಲಿದೀನಿ ಸಾರ್!"

"ಏಣಿ ಹಿಡ್ಕೊಳ್ಳೋದೂ ಒಂದು ಕೆಲಸಾನಾ? ಆಗಲ್ಲ ಅಂದ್ರೆ ಹೇಳು, ಬೇರೆಯವ್ರನ್ನ ಕರೀತೀನಿ."

"ಕರೀರಿ ಸಾರ್. ಇವ್ರು ಇಳಿಯೋವರೆಗೂ ನಾನು ಕೈ ಬಿಡಲ್ಲ."

ಸಿಕ್ಕ ಕೆಲಸವನ್ನು ಬಾಯಿಂದಲೇ ಕಳೆದೆನಲ್ಲ ಅನಿಸಿತು. ಆಗ ಮೇಲಿನಿಂದ ಇವರ ದನಿ ಬಂತು.

"ಸಾರ್, ನಾನು ಬಿದ್ದಿರೋನು. ಅವಳು ಮಾಡ್ತಿರೋ ಕೆಲಸ ಎಂಥದ್ದು ಅಂತ ನನಗ್ ಗೊತ್ತು. ಅವಳು ಒಳಗೆ ಬಂದ್ರೆ ನಾನು ಇಳಿದು ಮನೆಗೆ ಹೋಗ್ತೀನಿ."

ನರಸಿಂಹಮೂರ್ತಿಯವರು ಗೊಣಗುತ್ತ ತಾವೇ ಪಾತ್ರೆ ಒರೆಸಲು ಕೂತರು. ಮದುವೆಯಾದಾಗಿನಿಂದ ನನ್ನ ಬಾಯಿ ಜೋರು ಎಂದು ಬೈಯುತ್ತಿದ್ದ ಗಂಡ, ನಡುರಸ್ತೆಯಲ್ಲಿ ಎಲ್ಲರೆದುರು ನನ್ನ ಪರ ನಿಂತಿದ್ದರು. ಹೆಮ್ಮೆಯಿಂದ ಕಣ್ಣು ತುಂಬಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ಇವರು ಮತ್ತೆ ಹತ್ತತೊಡಗಿದರು. ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಬೋರ್ಡಿನವರೆಗೂ ಹೋದರು. ನೀಲಿ ಬಣ್ಣ ನನ್ನ ತಲೆಯ ಮೇಲೆ, ಹೆಗಲ ಮೇಲೆ ತೊಟ್ಟಿಕ್ಕುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ನಾನು ಇವರಿಗೆ ಏನೂ ಅನ್ನಲಿಲ್ಲ.